ಪಿಕಪ್ ಡೀಸೆಲ್ ಖಾಲಿಯಾಗಿ ನಿಂತರೆ: ಗಾಳಿ ತೆಗೆದು ಮತ್ತೆ ಚಾಲೂ ಮಾಡುವುದು ಹೇಗೆ

ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಟ್ರಿಪ್ ಹೊಡೆಯುವ ನಮ್ಮಂಥವರ ಕೆಲಸ ಊರು ಮಲಗಿದ ಮೇಲೆ ಶುರುವಾಗುತ್ತದೆ. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿ, ಚೋರ್ಲಾ ಘಾಟ್ ಇಳಿದು, ಸಾಂಖಳಿ ಮೇಲಿಂದ ಬೆಳಗಾಗುವುದರೊಳಗೆ ಮಾಪುಸಾ ಮುಟ್ಟಬೇಕು. ತಡವಾದರೆ ಕೊತ್ತಂಬರಿ ಬಾಡುತ್ತದೆ, ರೇಟು ಬೀಳುತ್ತದೆ. ಈ ದಾರಿಯಲ್ಲಿ ಡೀಸೆಲ್ ಖಾಲಿಯಾಗಿ ನಿಂತ ಗಾಡಿಗಳನ್ನು ನಾನು ತುಂಬಾ ನೋಡಿದ್ದೇನೆ. "ಗಡಿ ದಾಟಿದ ಮೇಲೆ ತುಂಬಿಸಿದರೆ ಲೀಟರಿಗೆ ಸ್ವಲ್ಪ ಉಳಿಯುತ್ತದೆ" ಅಂತ ಲೆಕ್ಕ ಹಾಕಿ ಹೊರಟವರೇ ಜಾಸ್ತಿ.

ನಾನೂ ಒಂದು ಮಳೆಗಾಲದ ರಾತ್ರಿ ಹಾಗೇ ನಿಂತಿದ್ದೆ. ಪೂರ್ತಿ ಲೋಡು, ಟೊಮೆಟೊ ಮತ್ತು ಹಸಿಮೆಣಸಿನಕಾಯಿ. ಚೋರ್ಲಾದ ಇಳಿಜಾರಿನಲ್ಲಿ ಗಾಡಿ ಬಂದ್ ಆಯಿತು. ಹಿಂದೆ ಬಂದ ಇನ್ನೊಂದು ಪಿಕಪ್‌ನವರು ತಮ್ಮ ಕ್ಯಾನಿನಿಂದ ಐದು ಲೀಟರ್ ಕೊಟ್ಟು ಮುಂದೆ ಹೋದರು. ಡೀಸೆಲ್ ಹಾಕಿದೆ, ಸೆಲ್ಫ್ ಹೊಡೆದೆ, ಮತ್ತೆ ಹೊಡೆದೆ. ಗಾಡಿ ಚಾಲೂ ಆಗಲಿಲ್ಲ, ಬ್ಯಾಟರಿ ಮಾತ್ರ ಇಳಿಯಿತು. ಬೆಳಗಿನ ಜಾವ ಖಾನಾಪುರದ ಕಡೆಯ ಹಿರಿಯ ಡ್ರೈವರೊಬ್ಬರು ನಿಲ್ಲಿಸಿ ಕೆಳಗಿಳಿದರು. "ತಮ್ಮಾ, ಮೊದಲ ಚಾವಿ ಬಿಡು. ಬರೀ ಡೀಸೆಲ್ ಹಾಕಿದ್ರ ಆಗಂಗಿಲ್ಲ, ಗಾಳಿ ತೆಗೀಬೇಕು" ಅಂದರು. ಬಾನೆಟ್ ಎತ್ತಿ, ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪ್ ಒತ್ತುತ್ತಾ ಹೋದರು. ಅವರ ಬ್ಯಾಟರಿಯಿಂದ ಕೇಬಲ್ ಕೊಟ್ಟ ಮೇಲೆ ಎರಡನೇ ಸೆಲ್ಫಿಗೇ ಗಾಡಿ ಹಿಡಿಯಿತು. ಅವತ್ತು ಅವರಿಂದ ಕಲಿತದ್ದನ್ನೂ ಆಮೇಲೆ ಗ್ಯಾರೇಜಿನಲ್ಲಿ ನಿಂತು ನೋಡಿ ತಿಳಿದದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಕೆಮ್ಮಿದ ಕೂಡಲೇ

ಡೀಸೆಲ್ ಮುಗಿಯುವ ಮುಂಚೆ ಗಾಡಿ ಹೇಳುತ್ತದೆ. ಎಕ್ಸಲರೇಟರ್ ಒತ್ತಿದರೂ ವೇಗ ಏರುವುದಿಲ್ಲ, ಜರ್ಕ್ ಹೊಡೆಯುತ್ತದೆ, ಒಂದೆರಡು ಸಲ ಕೆಮ್ಮುತ್ತದೆ. ಆಗಲೇ ಜಾಗ ನೋಡಿ ನಿಲ್ಲಿಸಿಬಿಡಿ. "ಇನ್ನು ಎರಡು ಕಿಲೋಮೀಟರ್ ಎಳೆಯೋಣ" ಅಂತ ಹೋದರೆ ಪೈಪು, ಫಿಲ್ಟರ್, ಪಂಪ್ ಎಲ್ಲ ಒಣಗುತ್ತವೆ. ಕೆಮ್ಮುವಾಗಲೇ ನಿಲ್ಲಿಸಿದರೆ ಲೈನಿನಲ್ಲಿ ಸ್ವಲ್ಪ ಡೀಸೆಲ್ ಉಳಿದಿರುತ್ತದೆ, ಆಮೇಲಿನ ಕೆಲಸ ಅರ್ಧ ಕಡಿಮೆ.

ಇಳಿಜಾರಿನಲ್ಲಿ ಎಂಜಿನ್ ಬಂದ್ ಆದರೆ ಗಾಬರಿಯಲ್ಲಿ ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಮಾಡಬೇಡಿ. ಗೇರಿನಲ್ಲೇ ಇದ್ದರೆ ಚಕ್ರಗಳು ಎಂಜಿನನ್ನು ತಿರುಗಿಸುತ್ತಿರುತ್ತವೆ. ಅದರಿಂದ ಬ್ರೇಕ್ ಬೂಸ್ಟರಿಗೆ (ಪೆಡಲ್ ಹಗುರ ಮಾಡುವ ಡಬ್ಬಿ) ಬೇಕಾದ ವ್ಯಾಕ್ಯೂಮ್ ಸಿಗುತ್ತದೆ, ಪವರ್ ಸ್ಟೀರಿಂಗ್ ಕೂಡ ಕೆಲಸ ಮಾಡುತ್ತದೆ, ಗಾಡಿ ತಾನಾಗಿ ತಡೆಯುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ನಿಂತುಬಿಡುತ್ತದೆ. ಬೂಸ್ಟರಿನಲ್ಲಿ ಉಳಿದಿರುವುದು ಎರಡು ಮೂರು ಸಲದ ಬ್ರೇಕಿಗಷ್ಟೇ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಆದ್ದರಿಂದ ಬ್ರೇಕನ್ನು ಪದೇ ಪದೇ ಬಿಟ್ಟು ಒತ್ತದೆ ಒಂದೇ ಸಮ ಒತ್ತಿ ನಿಲ್ಲಿಸಿ. ಗಾಡಿ ಪೂರ್ತಿ ನಿಲ್ಲುವವರೆಗೆ ಚಾವಿ ತಿರುಗಿಸಿ ತೆಗೆಯಬಾರದು, ಸ್ಟೀರಿಂಗ್ ಲಾಕ್ ಆಗುತ್ತದೆ. ಲೋಡ್ ಗಾಡಿಗೆ ಈ ಮಾತು ಡೀಸೆಲ್‌ಗಿಂತ ದೊಡ್ಡದು.

ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಿರಿ. ಮೂತಿ ಇಳಿಜಾರಿನ ಕಡೆ ಇದ್ದರೆ ರಿವರ್ಸ್ ಗೇರ್, ಏರಿನ ಕಡೆ ಇದ್ದರೆ ಫಸ್ಟ್ ಗೇರ್. ಚಕ್ರಕ್ಕೆ ದಪ್ಪ ಕಲ್ಲು ಕೊಡಿ. ಹಜಾರ್ಡ್ ಲೈಟ್ ಹಾಕಿ, ಹೆಡ್‌ಲೈಟ್ ಆರಿಸಿ, ಬ್ಯಾಟರಿ ಉಳಿಯಲಿ. ಕೆಂಪು ತ್ರಿಕೋನವನ್ನು ಗಾಡಿಯ ಬುಡದಲ್ಲೇ ಇಟ್ಟರೆ ಪ್ರಯೋಜನವಿಲ್ಲ. ಕನಿಷ್ಠ ಐವತ್ತು ಹೆಜ್ಜೆ ಹಿಂದೆ ಇಡಿ. ತಿರುವಿನಲ್ಲಿ ನಿಂತಿದ್ದರೆ ತಿರುವಿನ ಆಚೆ ಬದಿಗೆ ಇಡಿ. ಮಂಜು ಕವಿದ ರಾತ್ರಿ ಚೋರ್ಲಾದಲ್ಲೂ ಅನಮೋಡ ಘಾಟಿನಲ್ಲೂ ಹತ್ತು ಮೀಟರ್ ಮುಂದಿನದು ಕಾಣದ ಹೊತ್ತು ಇರುತ್ತದೆ. ಯಾರನ್ನೂ ಗಾಡಿಯ ಹಿಂದೆ ನಿಲ್ಲಿಸಬೇಡಿ, ಹಿಂದೆ ನಿಂತು ಟಾರ್ಚ್ ಬೀಸುವುದೂ ಬೇಡ. ಅಪಾಯ ಅನಿಸಿದರೆ 112ಕ್ಕೆ ಫೋನ್ ಮಾಡಿ. ನ್ಯಾಷನಲ್ ಹೈವೇಯಲ್ಲಿದ್ದರೆ 1033. ಘಾಟಿನಲ್ಲಿ ನೆಟ್‌ವರ್ಕ್ ಸಿಗದ ಜಾಗಗಳಿವೆ, ಹಾಗಾದಾಗ ಮುಂದೆ ಹೋಗುವ ಗಾಡಿಯವರ ಹತ್ತಿರ ಹೇಳಿ ಕಳಿಸುವುದೇ ದಾರಿ.

ಡೀಸೆಲ್ ಹಾಕಿದರೂ ಯಾಕೆ ಚಾಲೂ ಆಗುವುದಿಲ್ಲ?

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಅದು ಕೆಂಡದ ಹಾಗೆ ಕಾಯುತ್ತದೆ. ಆ ಬಿಸಿಗೆ ಇಂಜೆಕ್ಟರ್ ಡೀಸೆಲನ್ನು ಮಂಜಿನ ಹನಿಯಂತೆ ಸಿಡಿಸುತ್ತದೆ, ಉರಿಯುತ್ತದೆ. ಹಾಗೆ ಸಿಡಿಸಲು ಭಾರೀ ಪ್ರೆಷರ್ ಬೇಕು. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ 'ರೈಲ್' ಅನ್ನುವ ಒಂದೇ ದಪ್ಪ ಪೈಪಿನಿಂದ ಡೀಸೆಲ್ ಹೋಗುವ ಗಾಡಿಗಳಲ್ಲಿ, ಅದು 1,600 ಬಾರ್ (ಬಾರ್ ಅಂದರೆ ಪ್ರೆಷರಿನ ಅಳತೆ), ಅದಕ್ಕಿಂತ ಜಾಸ್ತಿಯೂ ಏರುತ್ತದೆ. ನಿಮ್ಮ ಪಿಕಪ್‌ನ ಹಿಂದಿನ ಟೈರಿನಲ್ಲಿ ಇರುವುದು 4 ಬಾರ್ ಆಸುಪಾಸು, ಅಷ್ಟೇ.

ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಅಂತಲೇ ಹೇಳಬಹುದು, ಪ್ರೆಷರ್ ತಕ್ಷಣ ಏರುತ್ತದೆ. ಗಾಳಿಯನ್ನು ಒತ್ತಿದರೆ ಸ್ಪಂಜಿನ ಹಾಗೆ ಕುಗ್ಗುತ್ತದೆ, ಬೇಕಾದಷ್ಟು ಪ್ರೆಷರ್ ಏರುವುದಿಲ್ಲ. ಟ್ಯಾಂಕ್ ಖಾಲಿಯಾದಾಗ ಪಂಪ್ ಡೀಸೆಲ್ ಬದಲು ಗಾಳಿ ಎಳೆದುಕೊಂಡಿರುತ್ತದೆ. ಗ್ಯಾರೇಜಿನವರು "ಗಾಡಿ ಏರ್ ತಗೊಂಡಿದೆ" ಅನ್ನುವುದು ಇದಕ್ಕೇ. ಟ್ಯಾಂಕಿಗೆ ಹೊಸ ಡೀಸೆಲ್ ಬಂದರೂ ಮಧ್ಯದ ಪೈಪಿನಲ್ಲಿ ಗಾಳಿ ಕೂತಿರುತ್ತದೆ.

ಇನ್ನೊಂದು ವಿಷಯ ಹೊಸ ಗಾಡಿ ಇದ್ದವರು ಗಮನಿಸಬೇಕು. ಹೈ ಪ್ರೆಷರ್ ಪಂಪಿನೊಳಗೆ ಎಂಜಿನ್ ಆಯಿಲ್ ಹೋಗುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಅದರ ಭಾಗಗಳಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಒಣ ಪಂಪನ್ನು ಸೆಲ್ಫ್ ಹೊಡೆದು ತಿರುಗಿಸುತ್ತಾ ಹೋದರೆ ಲೋಹಕ್ಕೆ ಲೋಹ ತಿಕ್ಕುತ್ತದೆ. ಆ ಪುಡಿ ಇಂಜೆಕ್ಟರಿಗೆ ಹೋದರೆ ಖರ್ಚು ಒಂದು ವಾರದ ದುಡಿಮೆಯಲ್ಲ, ತಿಂಗಳುಗಳ ದುಡಿಮೆ. ಅದಕ್ಕೇ ಆ ಹಿರಿಯರು ಚಾವಿ ಬಿಡು ಅಂದದ್ದು.

ಎಷ್ಟು ಡೀಸೆಲ್ ತರಬೇಕು, ಹೇಗೆ ಹಾಕಬೇಕು

ಒಂದು ಲೀಟರ್ ಬಾಟಲಿ ಸಾಲದು. ಟ್ಯಾಂಕು ಅಗಲ, ಹೀರುವ ಪೈಪಿನ ಬಾಯಿ ತಳಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಸಮತಟ್ಟು ಜಾಗದಲ್ಲಿ ಕನಿಷ್ಠ ಐದು ಲೀಟರ್ ಬೇಕು. ಘಾಟಿನ ಇಳಿಜಾರಿನಲ್ಲಾದರೆ ಹತ್ತು ಲೀಟರ್ ಹಾಕಿ, ಯಾಕೆಂದರೆ ಡೀಸೆಲ್ ಎಲ್ಲ ಟ್ಯಾಂಕಿನ ಒಂದು ಮೂಲೆಗೆ ಓಡಿರುತ್ತದೆ. ಎಷ್ಟೋ ಸಲ ಮುಳ್ಳು ರಿಸರ್ವ್ ತೋರಿಸುತ್ತಿದ್ದರೂ ಘಾಟಿನಲ್ಲಿ ಗಾಡಿ ನಿಲ್ಲುವುದು ಇದೇ ಕಾರಣಕ್ಕೆ.

ಸ್ವಚ್ಛವಾದ, ಗಟ್ಟಿ ಮುಚ್ಚಳದ ಕ್ಯಾನ್ ತನ್ನಿ. ಹಿಂದೆ ಅದರಲ್ಲಿ ಪೆಟ್ರೋಲ್, ಸೀಮೆಎಣ್ಣೆ, ನೀರು ಇತ್ತಾ ಅಂತ ಮೂಸಿ ನೋಡಿ. ಜಾಲರಿ ಇರುವ ಲಾಳಿಕೆ ಇದ್ದರೆ ಒಳ್ಳೆಯದು. ಹಳೆ ಬನಿಯನ್ ಬಟ್ಟೆಯಲ್ಲಿ ಸೋಸಿದರೆ ಅದರ ನೂಲೇ ಒಳಗೆ ಹೋಗುತ್ತದೆ. ಮಳೆ ಬೀಳುತ್ತಿದ್ದರೆ ಮೇಲೆ ತಾಡಪಾಲ ಹಿಡಿದುಕೊಂಡೇ ಹಾಕಿ.

ಬೇರೆ ಗಾಡಿಯ ಟ್ಯಾಂಕಿಗೆ ಪೈಪ್ ಇಳಿಸಿ ಬಾಯಲ್ಲಿ ಎಳೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ಡೀಸೆಲ್ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾದಂಥ ಉರಿಯೂತ ಶುರುವಾಗುತ್ತದೆ, ಜೀವಕ್ಕೇ ಬರಬಹುದು. ಹಾಗೆ ಆಗಿಬಿಟ್ಟರೆ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಯಲ್ಲಿ ಒತ್ತಿ ಎಳೆಯುವ ರಬ್ಬರ್ ಪಂಪ್ ಅಂಗಡಿಯಲ್ಲಿ ಸಿಗುತ್ತದೆ, ಸೀಟಿನ ಹಿಂದೆ ಒಂದು ಇಟ್ಟುಕೊಳ್ಳಿ.

ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮದ) ಗಾಡಿಗಳಲ್ಲಿ ಕೆಲವಕ್ಕೆ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕ್ ಇರುತ್ತದೆ, ಯೂರಿಯಾ ದ್ರವಕ್ಕೆ. ಕತ್ತಲಲ್ಲಿ ಅದಕ್ಕೆ ಡೀಸೆಲ್ ಸುರಿದವರಿದ್ದಾರೆ. ಮುಚ್ಚಳಕ್ಕೆ ಟಾರ್ಚ್ ಹಿಡಿದು ನೋಡಿಯೇ ಹಾಕಿ.

ಗಾಳಿ ತೆಗೆಯುವ ಕೆಲಸ

ಬಾನೆಟ್ ಎತ್ತಿ. ಎಂಜಿನ್ ತಡವಾಗಿ ತಣ್ಣಗಾಗುತ್ತದೆ, ಸೈಲೆನ್ಸರ್ ಕಡೆ ಕೈ ಹೋಗದ ಹಾಗೆ ನೋಡಿಕೊಳ್ಳಿ. ಬೀಡಿ ಸಿಗರೇಟು ದೂರ. ಡೀಸೆಲ್ ಫಿಲ್ಟರ್ ಎಲ್ಲಿದೆ ಅಂತ ಹುಡುಕಿ: ಮುಷ್ಟಿಗಿಂತ ಸ್ವಲ್ಪ ದೊಡ್ಡ ಡಬ್ಬಿ, ಎರಡು ಪೈಪು ಬಂದಿರುತ್ತವೆ. ಅದರ ತಲೆಯ ಮೇಲೆ ಒತ್ತುವ ಗುಂಡಿಯಂಥದ್ದು ಇರಬಹುದು, ಇಲ್ಲವೇ ಪೈಪಿನ ನಡುವೆ ಮೊಟ್ಟೆಯಾಕಾರದ ಕಪ್ಪು ರಬ್ಬರ್ ಉಂಡೆ ಇರಬಹುದು. ಅದೇ ಹ್ಯಾಂಡ್ ಪಂಪ್. ಎರಡೂ ಕಾಣದಿದ್ದರೆ ನಿಮ್ಮ ಗಾಡಿಗೆ ಕರೆಂಟಿನ ಪಂಪ್ ಇರಬಹುದು, ಅದರ ಮಾತು ಕೆಳಗೆ ಬರುತ್ತದೆ.

ಈಗ ಒತ್ತಲು ಶುರು ಮಾಡಿ. ಒತ್ತಿ, ಪೂರ್ತಿ ಮೇಲೆ ಬರಲು ಬಿಡಿ, ಮತ್ತೆ ಒತ್ತಿ. ಅವಸರ ಬೇಡ. ಮೊದಲು ಮೆತ್ತಗೆ, ಖಾಲಿ ಚೆಂಡಿನ ಹಾಗೆ ಇರುತ್ತದೆ. ಇಪ್ಪತ್ತು ಮೂವತ್ತು ಸಲ ಆದ ಮೇಲೆ ಒಳಗೆ "ಚುರ್ ಚುರ್" ಅಂತ ಸದ್ದು ಕೇಳುತ್ತದೆ, ಅದು ಗಾಳಿ ಮತ್ತು ಡೀಸೆಲ್ ಬೆರೆತು ಓಡುವ ಸದ್ದು. ಇನ್ನೂ ಒತ್ತುತ್ತಾ ಹೋದರೆ ಬೆರಳಿಗೆ ಭಾರ ಗೊತ್ತಾಗುತ್ತದೆ. ಕೊನೆಗೆ ಹಸಿ ನಿಂಬೆಹಣ್ಣಿನಷ್ಟು ಗಟ್ಟಿಯಾಗುತ್ತದೆ, ಹೆಬ್ಬೆರಳು ಊರಿದರೂ ಒಳಗೆ ಹೋಗುವುದಿಲ್ಲ. ಪೂರ್ತಿ ಒಣಗಿದ ಗಾಡಿಗೆ ನೂರು ಸಲ ಬೇಕಾದರೂ ಆಶ್ಚರ್ಯವಿಲ್ಲ. ಹತ್ತು ಸಲ ಒತ್ತಿ "ಇದು ಕೆಲಸ ಮಾಡ್ತಿಲ್ಲ" ಅಂತ ಬಿಡುವುದೇ ಎಲ್ಲರೂ ಮಾಡುವ ತಪ್ಪು. ರಬ್ಬರ್ ಉಂಡೆಯ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ಎಂಜಿನ್ ಕಡೆ ತೋರಿಸಬೇಕು. ಒತ್ತುವಾಗ ಬಾಣದ ತುದಿ ಮೇಲಿರುವಂತೆ ಹಿಡಿದರೆ ಬೇಗ ತುಂಬುತ್ತದೆ.

ಫಿಲ್ಟರಿನ ತಲೆಯ ಮೇಲೆ ಗಾಳಿ ಬಿಡುವ ಚಿಕ್ಕ ಸ್ಕ್ರೂ ಇದ್ದರೆ ಕೆಲಸ ಇನ್ನೂ ಖಚಿತ. ಕೆಳಗೆ ಬಟ್ಟೆ ಹಾಸಿ. ಸ್ಕ್ರೂವನ್ನು ಒಂದು ಸುತ್ತು ಮಾತ್ರ ಸಡಿಲಿಸಿ, ಹೊರಗೆ ತೆಗೆಯಬೇಡಿ, ಕತ್ತಲಲ್ಲಿ ಬಿದ್ದರೆ ಸಿಗುವುದಿಲ್ಲ. ಒಬ್ಬರು ಪಂಪ್ ಒತ್ತಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಸ್ಕ್ರೂ ನೋಡಲಿ. ಮೊದಲು ಬರುವುದು ಬರೀ ಗಾಳಿ. ಆಮೇಲೆ ಸೋಪಿನ ನೊರೆಯ ಹಾಗೆ ಗುಳ್ಳೆ ಗುಳ್ಳೆ. ಆಮೇಲೆ ಗುಳ್ಳೆ ದೊಡ್ಡದಾಗಿ, ಬಿಡಿ ಬಿಡಿಯಾಗುತ್ತವೆ. ಒಂದೂ ಗುಳ್ಳೆ ಇಲ್ಲದೆ ಡೀಸೆಲ್ ಎಳೆಯಾಗಿ ಹರಿಯಲು ಶುರುವಾದಾಗ, ಪಂಪನ್ನು ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಕೈ ಬಿಟ್ಟ ಮೇಲೆ ಬಿಗಿ ಮಾಡಿದರೆ ಗಾಳಿ ವಾಪಸ್ ಹೋಗುತ್ತದೆ. ಬಿಗಿ ಅಂದರೆ ಜೋರು ಅಲ್ಲ. ಫಿಲ್ಟರಿನ ತಲೆ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಅಲ್ಲಿಂದಲೇ ದಿನಾ ಗಾಳಿ ಎಳೆಯುತ್ತದೆ. ಚೆಲ್ಲಿದ್ದನ್ನು ಒರೆಸಿಬಿಡಿ.

ಕರೆಂಟಿನ ಪಂಪ್ ಇರುವ ಗಾಡಿಯಲ್ಲಿ ಚಾವಿಯನ್ನು ಆನ್‌ಗೆ ಮಾತ್ರ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಟ್ಯಾಂಕಿನ ಕಡೆಯಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಬರುತ್ತದೆ. ಅದು ನಿಂತ ಮೇಲೆ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಆನ್. ಹೀಗೆ ಐದಾರು ಸಲ.

ಈಗ ಸೆಲ್ಫ್

ಲೈಟು, ಫ್ಯಾನು, ಟೇಪು ಎಲ್ಲ ಆಫ್. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ, ಕ್ಲಚ್ ಒತ್ತಿ. ಚಾವಿ ಆನ್ ಮಾಡಿ ಮೀಟರಿನಲ್ಲಿ ಹತ್ತುವ ಹೀಟರಿನ ಸುರುಳಿ ಗುರುತು ಆರುವವರೆಗೆ ಕಾಯಿರಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಒಂದು ನಿಮಿಷ ಬಿಡಿ. ಬಿಡದೆ ಹೊಡೆದರೆ ಸೆಲ್ಫ್ ಮೋಟರ್ ಸುಟ್ಟು ಹೋಗುತ್ತದೆ. ನಾಲ್ಕು ಸಲಕ್ಕೂ ಹಿಡಿಯದಿದ್ದರೆ ನಿಲ್ಲಿಸಿ ಮತ್ತೆ ಹ್ಯಾಂಡ್ ಪಂಪ್‌ಗೆ ವಾಪಸ್ ಬನ್ನಿ.

ಈ ಹೊತ್ತಿನಲ್ಲಿ ಸೈಲೆನ್ಸರ್ ನೋಡಲು ಯಾರನ್ನಾದರೂ ಪಕ್ಕಕ್ಕೆ ನಿಲ್ಲಿಸಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಇನ್ನೂ ಸಿಲಿಂಡರಿಗೆ ಬಂದಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಬಂದಿದೆ, ಹಿಡಿಯುವುದಕ್ಕೆ ಹತ್ತಿರ ಇದೆ.

ಎರಡು ಕೆಲಸ ಬೇಡವೇ ಬೇಡ. ಒಂದು, ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಅಥವಾ ಪೆಟ್ರೋಲ್ ಹೊಡೆಯುವುದು. ಹೀಟರ್ ಪ್ಲಗ್ ಇರುವ ಎಂಜಿನಿನಲ್ಲಿ ಅದು ಒಳಗೇ ಸಿಡಿದು ಪಿಸ್ಟನ್ ಒಡೆಯಬಹುದು. ಇನ್ನೊಂದು, ಘಾಟಿನಲ್ಲಿ ಗಾಡಿ ಇಳಿಬಿಟ್ಟು ಚಾಲೂ ಮಾಡುವುದು. ಗಾಳಿ ಇರುವ ತನಕ ಅದು ಹಿಡಿಯುವುದಿಲ್ಲ, ಬ್ರೇಕ್ ಅರ್ಧಕ್ಕರ್ಧ ಇಲ್ಲದ ಲೋಡ್ ಗಾಡಿ ಮಾತ್ರ ಓಡಲು ಶುರುವಾಗುತ್ತದೆ.

ಹಳೆ ಗಾಡಿಯ ರೂಢಿ ಹೊಸ ಗಾಡಿಗೆ ಬೇಡ

ಹಳೆಯ ಮೆಕ್ಯಾನಿಕಲ್ ಪಂಪ್ ಗಾಡಿಗಳಲ್ಲಿ ಫಿಲ್ಟರ್ ಗಾಳಿ ತೆಗೆದರೂ ಹಿಡಿಯದಿದ್ದರೆ, ಇಂಜೆಕ್ಟರ್ ಪೈಪಿನ ನಟ್ಟನ್ನು ಪಾನಾದಿಂದ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯುತ್ತಿದ್ದರು. ಡೀಸೆಲ್ ಚಿಮ್ಮಿದ ಮೇಲೆ ಒಂದೊಂದೇ ಬಿಗಿ ಮಾಡುತ್ತಿದ್ದರು. ಆ ಗಾಡಿಗೆ ಅದು ಸರಿ, ಕೈ ಗೊತ್ತಿರುವ ಮೆಕ್ಯಾನಿಕ್ ಮಾಡಲಿ.

ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಯಾವತ್ತೂ ಮಾಡಬಾರದು. ಬಿಎಸ್6 ನಿಯಮ 2020ರ ಏಪ್ರಿಲ್ 1ರಿಂದ ಬಂತು, ಅದರ ನಂತರ ಕೊಂಡ ಡೀಸೆಲ್ ಪಿಕಪ್ ಅಂದರೆ ಕಾಮನ್ ರೈಲ್ ಅಂತಲೇ ತಿಳಿಯಿರಿ. ಅದಕ್ಕಿಂತ ಹಳೆಯವುಗಳಲ್ಲೂ ಎಷ್ಟೋ ಇವೆ. ಆ ಪ್ರೆಷರಿನಲ್ಲಿ ಕೂದಲೆಳೆಯಷ್ಟು ಸಂದಿಯಿಂದ ಬರುವ ಡೀಸೆಲ್ ಚರ್ಮವನ್ನು ಸೂಜಿಯ ಹಾಗೆ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕಿ, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಬೆರಳು ಊದಿ ಕಪ್ಪಾಗುತ್ತದೆ, ಕತ್ತರಿಸಬೇಕಾಗಿ ಬರಬಹುದು. ಹಾಗಾದರೆ ಅರಿಶಿನ ಹಚ್ಚಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, "ಪ್ರೆಷರ್ ಡೀಸೆಲ್ ಒಳಗೆ ಹೋಗಿದೆ" ಅಂತಲೇ ಹೇಳಿ. ಲೀಕ್ ಹುಡುಕಲು ಬೆರಳು ಆಡಿಸಬೇಡಿ, ರಟ್ಟಿನ ತುಂಡು ಹಿಡಿದು ನೋಡಿ.

ಆದರೂ ಹಿಡಿಯದಿದ್ದರೆ

ಹ್ಯಾಂಡ್ ಪಂಪ್ ಎಷ್ಟು ಒತ್ತಿದರೂ ಗಟ್ಟಿಯಾಗುತ್ತಿಲ್ಲವಾ? ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕಿನಿಂದ ಫಿಲ್ಟರ್ ತನಕ ಪೈಪಿನ ಮೇಲೆ ಕೈ ಆಡಿಸಿ: ಸೀಳಿದ ರಬ್ಬರ್, ಸಡಿಲವಾದ ಕ್ಲಿಪ್, ಫಿಲ್ಟರ್ ಬದಲಿಸುವಾಗ ಸರಿ ಕೂರದ ರಿಂಗ್. ಇದು ಕಡಿಮೆ ಪ್ರೆಷರಿನ ಭಾಗ, ಎಂಜಿನ್ ಬಂದ್ ಇದ್ದಾಗ ಮುಟ್ಟಬಹುದು. ಗಟ್ಟಿಯಾಗಿದೆ, ಆದರೂ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿ ಇಳಿದಿರಬಹುದು. ಸೆಲ್ಫ್ ನಿಧಾನ ತಿರುಗಿದರೆ ರೈಲಿನಲ್ಲಿ ಬೇಕಾದಷ್ಟು ಪ್ರೆಷರ್ ಬರುವುದಿಲ್ಲ, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಇಂಜೆಕ್ಟರ್ ತೆರೆಯುವುದೇ ಇಲ್ಲ. ಕೇಬಲ್ ಕೊಟ್ಟು ನೋಡಿ. ಅದಕ್ಕೂ ಆಗದಿದ್ದರೆ ಎಳೆಸಿಕೊಂಡು ಗ್ಯಾರೇಜಿಗೆ ಹೋಗುವುದು ವಾಸಿ, ಸ್ಕ್ಯಾನರ್ ಹಾಕಿ ನೋಡಲಿ. ತರಕಾರಿಯನ್ನು ಬೇರೆ ಗಾಡಿಗೆ ದಾಟಿಸಿ ಕಳಿಸಿಬಿಡಿ.

ಹಿಡಿದ ಮೇಲೆ

ಮೊದಲ ಒಂದೆರಡು ನಿಮಿಷ ಎಂಜಿನ್ ನಡುಗುತ್ತದೆ, ಏರಿಳಿಯುತ್ತದೆ, ಬಿಳಿ ಹೊಗೆ ಬಿಡುತ್ತದೆ. ಉಳಿದ ಗುಳ್ಳೆಗಳು ಹೋಗುತ್ತಿವೆ. ಜೋರಾಗಿ ರೇಸ್ ಮಾಡದೆ, ಐಡಲ್‌ಗಿಂತ ಸ್ವಲ್ಪ ಮೇಲೆ ಹಿಡಿದು ಐದು ನಿಮಿಷ ಓಡಿಸಿ. ಬಾನೆಟ್ ಕೆಳಗೆ ಟಾರ್ಚ್ ಹಾಕಿ ಡೀಸೆಲ್ ತೊಟ್ಟಿಕ್ಕುತ್ತಿಲ್ಲ ಅಂತ ನೋಡಿ. ಬ್ರೇಕ್ ಒತ್ತಿ ನೋಡಿ, ಮೆತ್ತಗೆ ಇಳಿಯಬೇಕು. ಹೊರಡುವ ಮುಂಚೆ ಚಕ್ರದ ಕಲ್ಲು ತೆಗೆದು ರಸ್ತೆಯಾಚೆ ಹಾಕಿ. ಘಾಟಿನ ತಿರುವಿನಲ್ಲಿ ಯಾರೋ ಬಿಟ್ಟುಹೋದ ಕಲ್ಲಿಗೆ ಬೈಕಿನ ಹುಡುಗರು ಬಿದ್ದದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ಸಿಕ್ಕ ಪಂಪಿನಲ್ಲಿ ಟ್ಯಾಂಕ್ ತುಂಬಿಸಿ. ಆ ವಾರದಲ್ಲೇ ಡೀಸೆಲ್ ಫಿಲ್ಟರ್ ನೋಡಿಸಿ, ಟ್ಯಾಂಕಿನ ತಳದ ಕಸವೆಲ್ಲ ಅದಕ್ಕೆ ಬಂದಿರುತ್ತದೆ. ಫಿಲ್ಟರಿನ ಬುಡದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಅದನ್ನು ತಿರುಗಿಸಿ ಸ್ವಲ್ಪ ಡೀಸೆಲನ್ನು ಪಾರದರ್ಶಕ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಗೋವಾದ ಮಳೆಗಾಲದ ತೇವಕ್ಕೆ ಅರ್ಧ ಖಾಲಿ ಟ್ಯಾಂಕಿನೊಳಗೆ ಬೆವರು ಹನಿ ಕಟ್ಟುತ್ತದೆ. ಈ ದಾರಿಯ ಗಾಡಿಗಳಿಗೆ ಇದು ಚಿಕ್ಕ ವಿಷಯವಲ್ಲ.

ಪೆಟ್ರೋಲ್ ಪಿಕಪ್ ಇದ್ದವರಿಗೆ ಇಷ್ಟೆಲ್ಲ ಇಲ್ಲ. ಐದು ಲೀಟರ್ ಹಾಕಿ, ಚಾವಿ ನಾಲ್ಕೈದು ಸಲ ಆನ್ ಆಫ್ ಮಾಡಿ, ಸೆಲ್ಫ್ ಹೊಡೆದರೆ ಸಾಮಾನ್ಯವಾಗಿ ಹಿಡಿಯುತ್ತದೆ. ಸಿಎನ್‌ಜಿ ಗಾಡಿ ಖಾಲಿಯಾದರೆ ಪೆಟ್ರೋಲ್‌ಗೆ ಬದಲಿಸಿ ಹತ್ತಿರದ ಸಿಎನ್‌ಜಿ ಪಂಪ್ ತನಕ ಹೋಗಬಹುದು. ಆ ಚಿಕ್ಕ ಪೆಟ್ರೋಲ್ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಂತೆ ನೋಡಿಕೊಂಡಿದ್ದರೆ ಮಾತ್ರ.

ನಿಮ್ಮ ಮುಳ್ಳಿನ ಲೆಕ್ಕ ಬರೆದಿಡಿ

ಒಂದು ದಿನ ರಿಸರ್ವ್ ದೀಪ ಹತ್ತಿದ ಕೂಡಲೇ ಪಂಪಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿ. ಎಷ್ಟು ಲೀಟರ್ ಹಿಡಿಯಿತು ಬರೆದುಕೊಳ್ಳಿ. ಗಾಡಿಯ ಪುಸ್ತಕದಲ್ಲಿರುವ ಟ್ಯಾಂಕಿನ ಅಳತೆಯಿಂದ ಅದನ್ನು ಕಳೆದರೆ ದೀಪ ಹತ್ತಿದಾಗ ಉಳಿದಿರುವ ಡೀಸೆಲ್ ಸಿಗುತ್ತದೆ. 60 ಲೀಟರ್ ಟ್ಯಾಂಕಿಗೆ 52 ಹಿಡಿದರೆ ಉಳಿದದ್ದು 8. ಅದರಲ್ಲಿ ಎರಡು ಮೂರು ಲೀಟರ್ ತಳದಲ್ಲೇ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಇನ್ನುಳಿದದ್ದಕ್ಕೆ ಲೋಡಿನ ಮೈಲೇಜ್ ಹಾಕಿ, ಖಾಲಿ ಗಾಡಿಯ ಮೈಲೇಜ್ ಅಲ್ಲ. ಬಂದ ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಪಕ್ಕ ಅಂಟಿಸಿ. ನನ್ನ ಗಾಡಿಯಲ್ಲಿ ಆ ಚೀಟಿಯ ಮೇಲೆ "ಘಾಟ್ ಇದ್ದರೆ ಅರ್ಧ" ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಜಾಂಬೋಟಿ ಬರುವ ಮುಂಚೆ ದಿನಾ ಒಂದು ಸಲ ಅದನ್ನು ನೋಡುತ್ತೇನೆ.